ಕಡಲು ಕಾದಿಟ್ಟ ಚರಿತ್ರೆ



ಚರಿತ್ರೆ ಎಂದೊಡನೆ ನಿಮ್ಮ ಕಣ್ಣ ಮುಂದೆ ಬರುವುದು ಶಾಸನಗಳು, ನಾಣ್ಯಗಳು, ಕೋಟೆ ಕೊತ್ತಲಗಳು. ನಮ್ಮ ಹಲ್ಮಿಡಿ ಶಾಸನಕ್ಕೆ ಒಂದೂವರೆ ಸಾವಿರ ವರ್ಷಗಳಿಗೂ ಮಿಕ್ಕಿ ವಯಸ್ಸಾಗಿದೆ. ಮಸ್ಕಿಯಲ್ಲಿರುವ ಅಶೋಕನ ಶಾಸನ ಅದಕ್ಕಿಂತಲೂ ಏಳು ಶತಮಾನಗಳಷ್ಟು ಹಳೆಯದು. ಜಗತ್ತಿನಲ್ಲಿ ಬರವಣಿಗೆ ಎಂಬುದು ಮೊದಲಾದದ್ದೇ ಸುಮಾರು ಐದು ಸಾವಿರ ವರ್ಷಗಳ ಹಿಂದೆ. ಆದರೆ ಮನುಷ್ಯನು ಈ ಭೂಮಿಯ ಮೇಲೆ ಲಕ್ಷಾಂತರ ವರ್ಷಗಳಿಂದ ಬದುಕುತ್ತಿದ್ದಾನೆ. ಬರವಣಿಗೆಗೆ ಮುಂಚಿನ ಈ ದೀರ್ಘ ಅವಧಿಯನ್ನೇ ವಿದ್ವಾಂಸರು ಪ್ರಾಗೈತಿಹಾಸಿಕ ಕಾಲ ಎಂದು ಕರೆಯುತ್ತಾರೆ. ಬರೆಯಲು ಬಾರದವರು ಬದುಕಲೇ ಇಲ್ಲವೆಂದು ಹೇಳಲಾದೀತೇ? ಅವರೂ ಹಸಿದರು, ಉಂಡರು, ಮಕ್ಕಳನ್ನು ಹೆತ್ತರು, ಕಾಯಿಲೆ ಬಿದ್ದರು, ಸತ್ತವರನ್ನು ಮಣ್ಣು ಮಾಡಿದರು. ಆದರೆ ಅವರ ಹೆಸರಾಗಲಿ ಮಾತಾಗಲಿ ನಮಗೆ ತಿಳಿಯದು. ಹಾಗಿದ್ದರೆ ಅವರ ಕಥೆಯನ್ನು ನಮಗೆ ಹೇಳುವವರು ಯಾರು?

ಹೇಳುವ ಸಾಕ್ಷಿಗಳು ಹಲವು. ಅವುಗಳಲ್ಲಿ ಒಂದು, ನಾವು ಅಷ್ಟಾಗಿ ಗಮನಿಸದ ಸಾಕ್ಷಿ, ಕಡಲು. ಕಡಲು ನುಂಗುತ್ತದೆ ಎಂದು ನಾವು ಹೇಳುತ್ತೇವೆ. ಆದರೆ ನುಂಗಿದ್ದನ್ನು ಅದು ಎಷ್ಟೋ ಸಲ ಜತನವಾಗಿ ಕಾದೂ ಇಡುತ್ತದೆ. ಅದು ಕಾದಿಟ್ಟ ಕೆಲವು ವಸ್ತುಗಳನ್ನೂ, ಅವುಗಳಿಂದ ಅಂದಿನ ಜನರ ಬಾಳನ್ನು ತಿಳಿಯುವ ಬಗೆಯನ್ನೂ ಇಲ್ಲಿ ನೋಡೋಣ.

ತಿಪ್ಪೆಯಲ್ಲಿ ಸಿಕ್ಕ ಸಂಪತ್ತು

ಮೊದಲು ಡೆನ್ಮಾರ್ಕ್ ದೇಶದ ಕಡಲತೀರಕ್ಕೆ ಹೋಗೋಣ. ಅಲ್ಲಿ ತೀರದ ಉದ್ದಕ್ಕೂ ಅಲ್ಲಲ್ಲಿ ಸಿಂಪಿ, ಕಪ್ಪೆಚಿಪ್ಪುಗಳ ದೊಡ್ಡ ದೊಡ್ಡ ದಿಬ್ಬಗಳಿದ್ದವು. ಒಂದು ಕಾಲಕ್ಕೆ ಕಡಲಿನ ತಳವಾಗಿದ್ದ ಜಾಗ ಮೇಲೆದ್ದಾಗ ತಾವಾಗಿಯೇ ಉಳಿದ ರಾಶಿಗಳಿವು ಎಂದು ಜನ ನಂಬಿದ್ದರು. ರಸ್ತೆಗೆ ಹಾಸಲು ಅವುಗಳಿಂದ ಚಿಪ್ಪು ಅಗೆದು ಒಯ್ಯುವುದೂ ಇತ್ತು. 1848ರಲ್ಲಿ ಡೆನ್ಮಾರ್ಕಿನ ವಿಜ್ಞಾನ ಅಕಾಡೆಮಿ ಇವುಗಳ ಪರಿಶೀಲನೆಗಾಗಿ ಮೂವರನ್ನು ನೇಮಿಸಿತು. ಅವರಲ್ಲಿ ಸ್ಟೀನ್‌ಸ್ಟ್ರುಪ್ ಪ್ರಾಣಿಶಾಸ್ತ್ರಜ್ಞ, ಫೋರ್ಖ್‌ಹಮ್ಮರ್ ಭೂವಿಜ್ಞಾನಿ, ವೊರ್ಸೋ ಪುರಾತತ್ವಜ್ಞ. ಒಂದೇ ಪ್ರಶ್ನೆಯನ್ನು ಮೂರು ಶಾಸ್ತ್ರಗಳ ಕಣ್ಣಿನಿಂದ ನೋಡಿದ್ದು ಆ ಕಾಲಕ್ಕೆ ಹೊಸ ಸಂಗತಿಯೇ ಸರಿ.

ಅವರು ಕಂಡದ್ದೇನು? ದಿಬ್ಬದಲ್ಲಿದ್ದ ಚಿಪ್ಪುಗಳೆಲ್ಲ ಚೆನ್ನಾಗಿ ಬೆಳೆದವು. ಮರಿಗಳ ಚಿಪ್ಪು ಇಲ್ಲವೆನ್ನುವಷ್ಟು ಕಡಿಮೆ. ಕಡಲಿನಲ್ಲಿ ಒಂದೇ ಕಡೆ ಬಾಳದ ಬೇರೆ ಬೇರೆ ಜಾತಿಯ ಚಿಪ್ಪುಗಳು ಇಲ್ಲಿ ಒಟ್ಟಿಗೆ ಬಿದ್ದಿದ್ದವು. ನಡುನಡುವೆ ಇದ್ದಿಲು, ಒಲೆಯ ಕಲ್ಲು, ಕಲ್ಲಿನ ಆಯುಧಗಳು, ಒಡೆದ ಮಡಕೆಯ ಚೂರುಗಳು, ಜಿಂಕೆ ಮತ್ತು ಕಾಡುಹಂದಿಯ ಎಲುಬುಗಳು. ಕಡಲು ತಾನಾಗಿ ಇಂಥ ರಾಶಿಯನ್ನು ಹಾಕುವುದಿಲ್ಲ. ಇದು ಮನುಷ್ಯರು ಉಂಡು ಬಿಸಾಡಿದ ಕಸ. ತಲೆಮಾರುಗಳ ಕಾಲ ಒಂದೇ ಕಡೆ ಬಿಸಾಡುತ್ತ ಬಂದು ಬೆಟ್ಟವಾದ ತಿಪ್ಪೆ! ಡೇನಿಷ್ ಭಾಷೆಯಲ್ಲಿ ಇದಕ್ಕೆ ಅಡುಗೆಮನೆಯ ತಿಪ್ಪೆ ಎಂಬ ಅರ್ಥದ ಹೆಸರೇ ನಿಂತಿತು. ಎರ್ಟೆಬಲ್ಲೆ ಎಂಬಲ್ಲಿರುವ ಪ್ರಸಿದ್ಧ ದಿಬ್ಬದ ಉದ್ದ ಸುಮಾರು 140 ಮೀಟರ್, ಅಗಲ ಸುಮಾರು 20 ಮೀಟರ್. ಇಂಥ ದಿಬ್ಬಗಳನ್ನು ಬಿಟ್ಟುಹೋದ ಜನ ಇಂದಿಗೆ ಆರರಿಂದ ಏಳು ಸಾವಿರ ವರ್ಷಗಳ ಹಿಂದೆ ಬಾಳಿದವರು.

ಇಲ್ಲಿ ಸ್ಟೀನ್‌ಸ್ಟ್ರುಪ್ ಮಾಡಿದ ಒಂದು ಸಣ್ಣ ಪ್ರಯೋಗವನ್ನು ನೀವು ತಿಳಿಯಲೇಬೇಕು. ತಿಪ್ಪೆಯಲ್ಲಿ ಸಿಕ್ಕ ಹಕ್ಕಿಗಳ ಎಲುಬುಗಳಲ್ಲಿ ನಡುವಿನ ಗಟ್ಟಿ ಭಾಗ ಮಾತ್ರ ಉಳಿದಿತ್ತು. ಮೆತ್ತಗಿನ ತುದಿಗಳು ಮಾಯವಾಗಿದ್ದವು. ಆತ ನಾಯಿಗಳಿಗೆ ಹಕ್ಕಿಯ ಎಲುಬುಗಳನ್ನು ಹಾಕಿ ನೋಡಿದ. ನಾಯಿಗಳು ತುದಿಗಳನ್ನು ಕಡಿದು ತಿಂದು, ತಿಪ್ಪೆಯಲ್ಲಿ ಸಿಕ್ಕಿದ್ದಂಥ ತುಂಡುಗಳನ್ನೇ ಉಳಿಸಿದವು. ಅಂದರೆ ಆ ಕಡಲತೀರದ ಜನರ ಒಲೆಯ ಪಕ್ಕದಲ್ಲಿ ನಾಯಿಗಳಿದ್ದವು. ಬೇರಾವ ಸಾಕುಪ್ರಾಣಿಯೂ ಇಲ್ಲದ, ಬೇಸಾಯವಿನ್ನೂ ಕಾಲಿಡದ ಆ ದಿನಗಳಲ್ಲಿ ನಾಯಿ ಆಗಲೇ ಮನುಷ್ಯನ ಸಂಗಾತಿಯಾಗಿತ್ತು. ಇಲ್ಲದ ಎಲುಬಿನ ತುದಿಯಿಂದ ಇದ್ದ ನಾಯಿಯನ್ನು ಕಂಡುಹಿಡಿದ ಈ ಬುದ್ಧಿಗೆ ನೀವು ತಲೆದೂಗದಿರಲಾರಿರಿ.

ಇದು ದೂರದೇಶದ ಮಾತಾಯಿತು ಎನ್ನಬೇಡಿ. ನಮ್ಮ ಬಳ್ಳಾರಿ, ರಾಯಚೂರು ಸೀಮೆಯ ಬೂದಿದಿಬ್ಬಗಳ ಕಥೆಯೂ ಇಂಥದೇ. ಹಂಪಿಯ ಬಳಿಯ ನಿಂಬಾಪುರದ ಬೂದಿದಿಬ್ಬವನ್ನು ಜನ ವಾಲಿಯ ಚಿತೆಯ ಬೂದಿ ಎಂದು ನಂಬುತ್ತ ಬಂದಿದ್ದಾರೆ. 1957ರಲ್ಲಿ ಆಲ್ಚಿನ್ ಎಂಬ ವಿದ್ವಾಂಸರು ಇಂದಿನ ತೆಲಂಗಾಣದ ಉಟ್ನೂರಿನಲ್ಲಿ ಇಂಥದೇ ದಿಬ್ಬವನ್ನು ಅಗೆದಾಗ, ಅದು ಸುಟ್ಟ ಸಗಣಿಯ ರಾಶಿ ಎಂಬುದು ಸ್ಪಷ್ಟವಾಯಿತು. ದನಗಳ ಗೊರಸಿನ ಗುರುತುಗಳೂ ಅಲ್ಲಿ ಮೂಡಿದ್ದವು. ನವಶಿಲಾಯುಗದ ದನಗಾಹಿಗಳ ಹಟ್ಟಿ ಅದು. ಡೆನ್ಮಾರ್ಕಿನಲ್ಲಿ ಚಿಪ್ಪು, ನಮ್ಮಲ್ಲಿ ಸಗಣಿ. ಜನ ಏನನ್ನು ಬಿಸಾಡುತ್ತಾರೋ ಅದು ಅವರ ಬದುಕಿನ ಗುರುತು.

ಎಲುಬಿನೊಳಗಿನ ಊಟ

ತಿಪ್ಪೆಯಿಂದ ಊಟದ ಬಗೆ ತಿಳಿಯಿತು ಸರಿ. ಆದರೆ ಅದರಲ್ಲಿ ಕಡಲಿನ ಪಾಲೆಷ್ಟು, ಕಾಡಿನ ಪಾಲೆಷ್ಟು? ಚಿಪ್ಪು ಕೊಳೆಯುವುದಿಲ್ಲ, ಗೆಡ್ಡೆ, ಹಣ್ಣು, ಸೊಪ್ಪು ಕೊಳೆತುಹೋಗುತ್ತವೆ. ಆದ್ದರಿಂದ ಬರಿಯ ತಿಪ್ಪೆಯನ್ನು ನಂಬಿದರೆ ಲೆಕ್ಕ ತಪ್ಪುತ್ತದೆ. ಈ ಪ್ರಶ್ನೆಗೆ ಉತ್ತರ ಹುಡುಕಲು ವಿಜ್ಞಾನಿಗಳು ಆ ಮನುಷ್ಯರ ಎಲುಬುಗಳನ್ನೇ ಪರೀಕ್ಷಿಸಿದರು.

ನಾವು ಉಂಡದ್ದೇ ನಮ್ಮ ಎಲುಬಾಗುತ್ತದೆ. ಇಂಗಾಲದಲ್ಲಿ ಹಗುರವಾದ ಇಂಗಾಲ-12, ತುಸು ಭಾರವಾದ ಇಂಗಾಲ-13 ಎಂಬ ಬಗೆಗಳಿವೆ. ಉತ್ತರ ಯುರೋಪಿನಂಥ ಕಡೆಗಳಲ್ಲಿ ನೆಲದ ಆಹಾರಕ್ಕಿಂತ ಕಡಲಿನ ಆಹಾರದಲ್ಲಿ ಇಂಗಾಲ-13ರ ಪ್ರಮಾಣ ಸ್ವಲ್ಪ ಹೆಚ್ಚು. ಡೆನ್ಮಾರ್ಕಿನ ಹೆನ್ರಿಕ್ ಟೌಬರ್ 1981ರಲ್ಲಿ ಪ್ರಕಟಿಸಿದ ಫಲಿತಾಂಶದಂತೆ, ಬೇಸಾಯಕ್ಕೆ ಮುಂಚಿನ ಜನರ ಎಲುಬಿನಲ್ಲಿ ಕಡಲಿನ ಗುರುತು ಗಾಢವಾಗಿತ್ತು. ಬೇಸಾಯ ಬಂದ ಮೇಲಿನವರ ಎಲುಬಿನಲ್ಲಿ ಅದು ಹೆಚ್ಚುಕಡಿಮೆ ಅಳಿಸಿಹೋಗಿತ್ತು. ಕಡಲು ಅಲ್ಲಿಯೇ ಇತ್ತು, ಮೀನೂ ಇತ್ತು. ಊಟದ ರೀತಿ ಬದಲಾಗಿತ್ತು. ಬದಲಾವಣೆ ಎಷ್ಟು ಬೇಗ ಆಯಿತು, ಎಲ್ಲ ಕಡೆ ಒಂದೇ ರೀತಿ ಆಯಿತೇ ಎಂಬುದರ ಬಗೆಗೆ ವಿದ್ವಾಂಸರಲ್ಲಿ ಚರ್ಚೆ ನಡೆದೇ ಇದೆ. ಆದರೆ ಒಂದು ಸಮಾಜ ತನ್ನ ಬಾಳಿನ ಆಧಾರವನ್ನೇ ಬದಲಿಸಿಕೊಂಡದ್ದನ್ನು ಒಂದು ಚೂರು ಎಲುಬು ತೋರಿಸಿಕೊಡಬಲ್ಲದು ಎಂಬುದು ಗಮನಾರ್ಹ.

ಇಂದಿನ ತೀರ ಅಂದಿನ ತೀರವಲ್ಲ

ಇದುವರೆಗೆ ನಾವು ದಡದಲ್ಲಿ ನಿಂತು ನೋಡಿದೆವು. ಇನ್ನು ನೀರಿಗಿಳಿಯೋಣ. ಸುಮಾರು 20,000 ವರ್ಷಗಳ ಹಿಂದೆ ಹಿಮಯುಗವು ತೀವ್ರವಾಗಿದ್ದಾಗ ಭೂಮಿಯ ನೀರಿನ ದೊಡ್ಡ ಪಾಲು ಹಿಮವಾಗಿ ನೆಲದ ಮೇಲೆಯೇ ನಿಂತಿತ್ತು. ಆಗ ಕಡಲಿನ ಮಟ್ಟ ಇಂದಿಗಿಂತ ಸುಮಾರು 120 ಮೀಟರ್ ಕೆಳಗಿತ್ತು. ಬ್ರಿಟನ್ ಯುರೋಪಿಗೆ ಅಂಟಿಕೊಂಡಿತ್ತು. ಶ್ರೀಲಂಕೆಗೆ ಭಾರತದಿಂದ ನೆಲದ ಮೇಲೆಯೇ ನಡೆದುಹೋಗಬಹುದಾಗಿತ್ತು. ಹಿಮ ಕರಗಿದಂತೆ ಕಡಲು ಏರಿತು. ಇಂದಿನ ಮಟ್ಟಕ್ಕೆ ಹತ್ತಿರ ಬರಲು ಅದಕ್ಕೆ ಸಾವಿರಾರು ವರ್ಷಗಳು ಹಿಡಿದವು. ಮನುಷ್ಯರಿಗೆ ನೀರು, ಮೀನು, ಬೇಟೆ ಎಲ್ಲವೂ ದೊರೆಯುವ ಜಾಗ ಕಡಲತೀರ. ಅಂದಿನ ತೀರದ ನೆಲೆಗಳಲ್ಲಿ ಹೆಚ್ಚಿನವು ಈಗ ನೀರಿನಡಿಯಲ್ಲಿವೆ. ನೆಲವನ್ನು ಮಾತ್ರ ಅಗೆದು ಬರೆದ ಪ್ರಾಗೈತಿಹಾಸದಲ್ಲಿ ಒಂದು ದೊಡ್ಡ ಅಧ್ಯಾಯವೇ ಇರುವುದಿಲ್ಲ.

1931ರ ಸೆಪ್ಟೆಂಬರ್‌ನಲ್ಲಿ ಇಂಗ್ಲೆಂಡಿನ ಪೂರ್ವದ ಉತ್ತರ ಸಮುದ್ರದಲ್ಲಿ ಕೊಲಿಂಡಾ ಎಂಬ ಟ್ರಾಲರ್ ದೋಣಿಯ ಬಲೆಗೆ ಕಪ್ಪು ಜೌಗುಮಣ್ಣಿನ ಹೆಂಟೆಯೊಂದು ಸಿಕ್ಕಿತು. ಅದನ್ನು ಒಡೆದಾಗ ಒಳಗಿದ್ದದ್ದು ಸಾರಂಗದ ಕೊಂಬಿನಿಂದ ಮಾಡಿದ, ಒಂದು ಅಂಚಿನಲ್ಲಿ ಮುಳ್ಳುಗಳನ್ನು ಕೆತ್ತಿದ ಈಟಿಯ ಮೊನೆ. ದಡದಿಂದ ಸುಮಾರು 40 ಕಿಲೋಮೀಟರ್ ದೂರದ ಕಡಲಿನಲ್ಲಿ ಇದು ಎಲ್ಲಿಂದ ಬಂತು? ದೋಣಿಯಿಂದ ಬಿದ್ದದ್ದೆನ್ನೋಣವೇ? ಹಾಗಲ್ಲವೆಂದು ಹೇಳಿದ್ದು ಆ ಮಣ್ಣು. ಅದು ಸಿಹಿನೀರಿನ ಜೌಗಿನಲ್ಲಿ ಉಂಟಾದದ್ದು ಎಂದು ಸಸ್ಯಶಾಸ್ತ್ರಜ್ಞರು ಕಂಡುಕೊಂಡರು. ಅದರಲ್ಲಿ ಉಳಿದಿದ್ದ ಪರಾಗದ ಕಣಗಳಿಂದ ಅಲ್ಲಿ ಬೆಳೆದಿದ್ದ ಮರಗಳನ್ನೂ ಗುರುತಿಸಿದರು. ಅಂದರೆ ಅಲೆಗಳ ಅಡಿಯಲ್ಲಿ ಒಂದು ಕಾಲಕ್ಕೆ ಕಾಡಿತ್ತು, ತೊರೆಗಳಿದ್ದವು, ಬೇಟೆಗಾರರಿದ್ದರು. ಮುಳುಗಿಹೋದ ಈ ನಾಡಿಗೆ ಬ್ರೈಯೊನಿ ಕೋಲ್ಸ್ ಎಂಬ ವಿದುಷಿ 1998ರಲ್ಲಿ ಡಾಗರ್‌ಲ್ಯಾಂಡ್ ಎಂದು ಹೆಸರಿಟ್ಟರು. ತೈಲ ಹುಡುಕುವ ಕಂಪನಿಗಳು ಕಡಲತಳವನ್ನು ಅಳೆದ ಮಾಹಿತಿಯಿಂದಲೇ ಅಲ್ಲಿಯ ಹಳೆಯ ನದಿ, ಕಣಿವೆಗಳ ನಕ್ಷೆಯೂ ತಯಾರಾಯಿತು.

ಕಡಲಡಿಯ ಬಾವಿ

ಉತ್ತರ ಸಮುದ್ರದಲ್ಲಿ ಸಿಕ್ಕಿದ್ದು ಬೇಟೆಗಾರರ ಜಾಡು. ಕಡಲಿನಡಿಯಲ್ಲಿ ಇಡೀ ಊರೇ ಸಿಕ್ಕರೆ? ಅಂಥ ಊರನ್ನು ನೋಡಲು ನಾವು ಮೆಡಿಟರೇನಿಯನ್ ಸಮುದ್ರದ ಪೂರ್ವ ತೀರಕ್ಕೆ, ಇಸ್ರೇಲಿನ ಕಾರ್ಮೆಲ್ ಬೆಟ್ಟದ ಬುಡಕ್ಕೆ ಬರಬೇಕು. ಅಲ್ಲಿಯ ಅತ್ಲಿತ್ ಎಂಬ ಊರಿನ ಎದುರಿನ ಕಡಲಿನಲ್ಲಿ, 8ರಿಂದ 12 ಮೀಟರ್ ಆಳದಲ್ಲಿ, 1984ರಲ್ಲಿ ಪುರಾತತ್ವಜ್ಞ ಎಹುದ್ ಗಲೀಲಿ ಒಂದು ಹಳ್ಳಿಯನ್ನು ಕಂಡರು. ಈಗ ಅದಕ್ಕೆ ಅತ್ಲಿತ್ ಯಾಮ್ ಎಂದು ಹೆಸರು. ಇಂದಿಗೆ ಸುಮಾರು 9,000 ವರ್ಷಗಳ ಹಿಂದಿನ ನವಶಿಲಾಯುಗದ ಈ ಊರು ಸುಮಾರು 40,000 ಚದರ ಮೀಟರ್ ವಿಸ್ತಾರವಾಗಿದೆ. ಕಲ್ಲುಗೋಡೆಯ ಮನೆಗಳ ತಳಪಾಯ, ಒಲೆಗಳು, ಗೋರಿಗಳು, ಎದ್ದು ನಿಲ್ಲಿಸಿದ ಏಳು ದೊಡ್ಡ ಕಲ್ಲುಗಳ ಅರ್ಧವೃತ್ತ, ಎಲ್ಲವೂ ಮರಳಿನ ಹೊದಿಕೆಯಡಿಯಲ್ಲಿ ಉಳಿದಿದ್ದವು.

ಈ ಊರಿನವರು ಗೋಧಿ, ಬಾರ್ಲಿ ಬೆಳೆಯುತ್ತಿದ್ದರು, ದನ, ಮೇಕೆ ಸಾಕುತ್ತಿದ್ದರು, ಮೀನನ್ನೂ ಹಿಡಿಯುತ್ತಿದ್ದರು. ಒಂದೆಡೆ 6,000ಕ್ಕೂ ಹೆಚ್ಚು ಮೀನಿನ ಎಲುಬುಗಳು ಸಿಕ್ಕಿವೆ. ಇಲ್ಲಿಯ ಕೆಲವು ಗಂಡಸರ ತಲೆಬುರುಡೆಗಳಲ್ಲಿ ಕಿವಿಯ ನಾಳದೊಳಗೆ ಎಲುಬಿನ ಸಣ್ಣ ಗಂಟುಗಳು ಬೆಳೆದಿದ್ದವು. ತಣ್ಣೀರಿನಲ್ಲಿ ವರ್ಷಗಟ್ಟಲೆ ಮುಳುಗಿ ಏಳುವವರಿಗೆ ಇಂಥ ಗಂಟು ಬೆಳೆಯುತ್ತದೆಂಬುದು ಇಂದಿನ ವೈದ್ಯರಿಗೂ ಗೊತ್ತಿದೆ. ಹಾಗಾದರೆ ಇವರು ಕಡಲಿಗೆ ಧುಮುಕಿ ದುಡಿಯುತ್ತಿದ್ದವರು. ದುಡಿಮೆ ದೇಹದ ಮೇಲೆ ಬರೆದ ಶಾಸನವಿದು.

ಇನ್ನೊಂದು ಗೋರಿಯಲ್ಲಿ ಒಬ್ಬ ಹೆಂಗಸು ಮತ್ತು ಒಂದು ಎಳೆಯ ಮಗು. ಅವರ ಎಲುಬುಗಳಲ್ಲಿ ಕ್ಷಯರೋಗದ ಗುರುತುಗಳಿದ್ದವು. 2008ರಲ್ಲಿ ಪ್ರಕಟವಾದ ಸಂಶೋಧನೆಯಲ್ಲಿ ಆ ಎಲುಬಿನಿಂದ ರೋಗಾಣುವಿನ ಡಿಎನ್‌ಎ ಕೂಡ ಪತ್ತೆಯಾಯಿತು. ಒಂದು ರಾಜವಂಶದ ಹೆಸರೂ ಹುಟ್ಟದ ಕಾಲದಲ್ಲಿ ಒಬ್ಬ ತಾಯಿ ಕೆಮ್ಮುತ್ತ ಕೂಸನ್ನು ಎತ್ತಿಕೊಂಡಿದ್ದಿರಬಹುದು. ಅವಳು ಆ ಕೂಸಿನ ತಾಯಿಯೇ ಎಂದು ಎಲುಬು ಖಚಿತವಾಗಿ ಹೇಳುವುದಿಲ್ಲ. ಇಬ್ಬರೂ ಒಂದೇ ರೋಗದಿಂದ ನರಳಿದರು, ಒಟ್ಟಿಗೆ ಮಣ್ಣಾದರು ಎಂಬಷ್ಟನ್ನು ಹೇಳುತ್ತದೆ.

ಈಗ ಬಾವಿಗೆ ಬರೋಣ. ಊರಿನ ನಡುವೆ ಕಲ್ಲು ಕಟ್ಟಿದ ಬಾವಿ. ಒಂದೂವರೆ ಮೀಟರ್ ಅಗಲ, ಐದೂವರೆ ಮೀಟರ್ ಆಳ. ಕಡಲಿನ ತಳದಲ್ಲಿ ಸಿಹಿನೀರಿನ ಬಾವಿ! ಅದರೊಳಗೆ ಇಳಿದವರು ಪದರ ಪದರವಾಗಿ ಅಗೆದಾಗ ಪ್ರಾಣಿಗಳ ಎಲುಬು, ಕಲ್ಲಿನ ಉಪಕರಣ, ಒಡೆದ ಕಲ್ಲುಗಳು ತುಂಬಿದ್ದವು. ಕುಡಿಯುವ ನೀರಿನ ಬಾವಿಗೆ ಯಾರಾದರೂ ಕಸ ಸುರಿಯುತ್ತಾರೆಯೇ? ಸುರಿದರೆಂದರೆ ಅದು ಕುಡಿಯುವ ಬಾವಿಯಾಗಿ ಉಳಿದಿರಲಿಲ್ಲ. ಕಡಲು ಏರಿದಂತೆ ನೆಲದಡಿಯ ನೀರಿಗೆ ಉಪ್ಪು ಬೆರೆತು ಬಾವಿ ಕೆಟ್ಟಿರಬೇಕು ಎಂದು ಸಂಶೋಧಕರು ತರ್ಕಿಸುತ್ತಾರೆ. ನಮ್ಮ ಕರಾವಳಿಯ ಹಳ್ಳಿಗಳವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ. ಬೇಸಗೆಯಲ್ಲಿ ಬಾವಿಯ ನೀರು ಉಪ್ಪಾಗುವ ಕಷ್ಟ ಅವರಿಗೆ ತಿಳಿದದ್ದೇ. ಅಲೆಗಳು ಅಂಗಳಕ್ಕೆ ಬರುವ ಮುನ್ನವೇ ಕಡಲು ಬಾವಿಯೊಳಗಿನಿಂದ ಊರನ್ನು ಹೊಕ್ಕಿತ್ತು.

ಆದರೆ ಈ ಊರು ಅಳಿದ ಬಗೆಯ ಕುರಿತು ಬೇರೆ ಅಭಿಪ್ರಾಯವೂ ಇದೆ. ಇಟಲಿಯ ವಿಜ್ಞಾನಿಗಳು 2007ರಲ್ಲಿ, ಎಟ್ನಾ ಜ್ವಾಲಾಮುಖಿಯ ಒಂದು ಮಗ್ಗುಲು ಕುಸಿದು ಎದ್ದ ಸುನಾಮಿಯೇ ಇದನ್ನು ಹಠಾತ್ತನೆ ಹಾಳುಮಾಡಿತೆಂದು ಸೂಚಿಸಿದರು. ರಾಶಿ ಬಿದ್ದ ಮೀನಿನ ಎಲುಬು ಜನ ಅವಸರದಲ್ಲಿ ಓಡಿಹೋದದ್ದರ ಗುರುತು ಎಂಬುದು ಅವರ ವಾದ. ಊರನ್ನು ಅಗೆದ ಗಲೀಲಿ ಮತ್ತು ಸಂಗಡಿಗರು ಇದನ್ನು ಒಪ್ಪಲಿಲ್ಲ. ದೊಡ್ಡ ಅಲೆ ಬಡಿದ ಗುರುತು ಅಲ್ಲಿಲ್ಲ, ಕಡಲು ನಿಧಾನವಾಗಿಯೇ ಏರಿತು ಎಂದರು. ಒಂದೇ ರಾಶಿ ಎಲುಬು, ಎರಡು ಕಥೆ! ಅವಶೇಷಗಳು ತಾವಾಗಿ ಮಾತನಾಡುವುದಿಲ್ಲ; ನಾವು ಕೇಳಿದ ಪ್ರಶ್ನೆಗೆ ಉತ್ತರಿಸುತ್ತವೆ. ಒಂದು ಸಾಕ್ಷಿಯ ಮಾತನ್ನು ಇನ್ನೊಂದು ಸಾಕ್ಷಿಯೊಂದಿಗೆ ಹೋಲಿಸಿ ನೋಡುವವನೇ ನಿಜವಾದ ಚರಿತ್ರಕಾರ.

ಕಡಲಿಗೆ ಕಟ್ಟಿದ ಗೋಡೆ

ಅದೇ ಕಾರ್ಮೆಲ್ ತೀರದಲ್ಲಿ ತೆಲ್ ಹ್ರೈಜ್ ಎಂಬ ಇನ್ನೊಂದು ಮುಳುಗಿದ ಊರಿದೆ. ಇದು ಸ್ವಲ್ಪ ಈಚಿನದು. ಸುಮಾರು 7,000ದಿಂದ 7,500 ವರ್ಷಗಳ ಹಿಂದಿನದು. ಚಳಿಗಾಲದ ಬಿರುಗಾಳಿಗೆ ಮರಳು ಸರಿದಾಗ ಇಲ್ಲಿ ದೊಡ್ಡ ಬಂಡೆಗಳ ಸಾಲೊಂದು ಕಾಣಿಸಿಕೊಂಡಿತು. ಊರಿಗೂ ಕಡಲಿಗೂ ನಡುವೆ, 100 ಮೀಟರಿಗೂ ಹೆಚ್ಚು ಉದ್ದಕ್ಕೆ ಅದು ಹಬ್ಬಿತ್ತು. ಒಂದೊಂದು ಬಂಡೆಯ ತೂಕ 200ರಿಂದ 1,000 ಕಿಲೋಗ್ರಾಂ. ಅಂಥ ಬಂಡೆಗಳು ಅಲ್ಲಿ ಸಿಗುವಂಥವಲ್ಲ. ಕಿಲೋಮೀಟರಿಗೂ ಹೆಚ್ಚು ದೂರದಿಂದ ತಂದವು. 2019ರ ಡಿಸೆಂಬರ್‌ನಲ್ಲಿ ಪ್ರಕಟವಾದ ಅಧ್ಯಯನದಲ್ಲಿ ಗಲೀಲಿ ಮತ್ತು ಸಂಗಡಿಗರು ಇದನ್ನು ಕಡಲನ್ನು ತಡೆಯಲು ಕಟ್ಟಿದ ಗೋಡೆ ಎಂದು ಗುರುತಿಸಿದ್ದಾರೆ. ನಮಗೆ ತಿಳಿದಿರುವ ಇಂಥ ಗೋಡೆಗಳಲ್ಲಿ ಇದೇ ಅತ್ಯಂತ ಹಳೆಯದು.

ಆಗ ಕಡಲು ವರ್ಷಕ್ಕೆ 4ರಿಂದ 7 ಮಿಲಿಮೀಟರ್ ಏರುತ್ತಿತ್ತೆಂದು ಅವರ ಲೆಕ್ಕ. ಒಂದು ವರ್ಷದಲ್ಲಿ ಕಣ್ಣಿಗೆ ಕಾಣದಷ್ಟು. ಆದರೆ ಮೂವತ್ತು ವರ್ಷದಲ್ಲಿ 12ರಿಂದ 21 ಸೆಂಟಿಮೀಟರ್. ಅಪ್ಪ ನೋಡಿದ ದಡವನ್ನು ಮಗ ನೋಡಲಾರ. ಆ ಜನ ಅದನ್ನು ಗಮನಿಸಿದರು, ಕೂಡಿ ಮಾತನಾಡಿರಬೇಕು, ಹಲವರು ಹೆಗಲು ಕೊಟ್ಟು ಬಂಡೆಗಳನ್ನು ಸಾಗಿಸಿದರು. ಒಬ್ಬನಿಂದ ಆಗುವ ಕೆಲಸವಲ್ಲ ಅದು. ಅವರಲ್ಲಿ ಒಟ್ಟಾಗಿ ದುಡಿಯುವ ಕಟ್ಟುಪಾಡು ಇತ್ತೆಂಬುದನ್ನು ಆ ಬಂಡೆಗಳೇ ಹೇಳುತ್ತವೆ. ಕೊನೆಗೆ ಗೋಡೆ ಸೋತಿತು, ಜನ ಊರು ಬಿಟ್ಟರು, ಕಡಲು ಗೋಡೆಯ ಮೇಲೆ ಹರಿಯಿತು.

ನಮ್ಮ ಉಳ್ಳಾಲದ ದಡದಲ್ಲಿ ಕಡಲ್ಕೊರೆತಕ್ಕೆ ಒಡ್ಡಿದ ಕಲ್ಲಿನ ತಡೆಗೋಡೆಗಳನ್ನು ನೋಡಿದವರಿಗೆ ಈ ಕಥೆ ಬಹಳ ಹಳೆಯದೆನಿಸಲಾರದು. 2006ರಿಂದ 2018ರ ಅವಧಿಯಲ್ಲಿ ಜಗತ್ತಿನ ಕಡಲುಗಳ ಮಟ್ಟ ವರ್ಷಕ್ಕೆ ಸರಾಸರಿ 3.7 ಮಿಲಿಮೀಟರ್ ಏರಿದೆ. ತೆಲ್ ಹ್ರೈಜ್‌ನವರು ಕಂಡ ವೇಗಕ್ಕೆ ಇದು ತೀರ ದೂರವೇನೂ ಅಲ್ಲ. ವ್ಯತ್ಯಾಸವೆಂದರೆ ಅವರಿಗೆ ಕಾರಣ ತಿಳಿದಿರಲಿಲ್ಲ, ನಮಗೆ ತಿಳಿದಿದೆ.

ನಿಮ್ಮ ಪಾಲಿನ ಕೆಲಸ

ಭಾರತದಲ್ಲಿ ಕಡಲಡಿಯ ಪುರಾತತ್ವ ಶೋಧನೆಗೆ ದಾರಿ ಹಾಕಿದವರಲ್ಲಿ ಮೊದಲಿಗರು ನಮ್ಮವರೇ ಆದ ಶಿಕಾರಿಪುರ ರಂಗನಾಥ ರಾವ್. ಲೋಥಾಲ್‌ನ ಉತ್ಖನನದಿಂದ ಹೆಸರಾದ ಅವರು 1980ರ ದಶಕದಲ್ಲಿ ಗೋವಾದ ರಾಷ್ಟ್ರೀಯ ಸಾಗರವಿಜ್ಞಾನ ಸಂಸ್ಥೆಯ ತಂಡದೊಂದಿಗೆ ದ್ವಾರಕೆಯ ಕಡಲಿನಲ್ಲಿ ಶೋಧ ನಡೆಸಿದರು. ಅಲ್ಲಿ ಸಿಕ್ಕ ಕಲ್ಲಿನ ಲಂಗರುಗಳ, ಕಟ್ಟಡದ ಕಲ್ಲುಗಳ ಕಾಲದ ಬಗೆಗೆ ವಿದ್ವಾಂಸರಲ್ಲಿ ಒಮ್ಮತವಿಲ್ಲ. ಆದರೆ ನೀರಿಗಿಳಿದು ಹುಡುಕಬೇಕೆಂಬ ದಾರಿ ತೆರೆಯಿತು. ಆ ದಾರಿಯಲ್ಲಿ ಮುಂದೆ ಸಾಗಲು ಚರಿತ್ರೆಯೊಂದೇ ಸಾಲದು. ಪ್ರಾಣಿಶಾಸ್ತ್ರ, ಸಸ್ಯಶಾಸ್ತ್ರ, ರಸಾಯನಶಾಸ್ತ್ರ, ಭೂವಿಜ್ಞಾನ ಎಲ್ಲವೂ ಬೇಕು. ವಿಜ್ಞಾನ ಓದುವವರಿಗೂ ಚರಿತ್ರೆಯಲ್ಲಿ ಕೆಲಸವಿದೆ ಎಂಬುದು ಇದರಿಂದ ನಿಮಗೆ ಮನದಟ್ಟಾಗಿರಬೇಕು.

ಕಡೆಯದಾಗಿ ಒಂದು ಮಾತು. ಹೊಲ ಉಳುವಾಗ, ಬಾವಿ ತೋಡುವಾಗ, ಕಡಲತೀರದಲ್ಲಿ ಅಡ್ಡಾಡುವಾಗ ನಿಮ್ಮ ಕಣ್ಣಿಗೂ ಒಂದು ನುಣುಪಾದ ಕಲ್ಗೊಡಲಿ, ಹಳೆಯ ಮಡಕೆಯ ಚೂರು, ವಿಚಿತ್ರವಾದ ಚಿಪ್ಪಿನ ರಾಶಿ ಬಿದ್ದೀತು. ಅದನ್ನು ಎತ್ತಿ ಮನೆಗೆ ಒಯ್ಯಬೇಡಿ. ಕೊಲಿಂಡಾ ದೋಣಿಯವರು ಆ ಕೆಸರಿನ ಹೆಂಟೆಯನ್ನು ಪೂರಾ ತೊಳೆದು ಬಿಸುಟಿದ್ದರೆ, ಈಟಿಯ ಮೊನೆ ಬರಿಯ ಕೊಂಬಿನ ತುಂಡಾಗಿ ಉಳಿಯುತ್ತಿತ್ತು. ವಸ್ತುವಿಗಿಂತ ಅದು ಬಿದ್ದಿರುವ ಮಣ್ಣು, ಅದರ ಸುತ್ತಲಿನ ಇದ್ದಿಲು, ಪಕ್ಕದ ಎಲುಬು ಹೆಚ್ಚು ಹೇಳುತ್ತವೆ. ಜಾಗವನ್ನು ಗುರುತು ಹಾಕಿಕೊಳ್ಳಿ, ಚಿತ್ರ ಬರೆದುಕೊಳ್ಳಿ, ನಿಮ್ಮ ಅಧ್ಯಾಪಕರಿಗೆ ತೋರಿಸಿ, ಪುರಾತತ್ವ ಇಲಾಖೆಗೆ ತಿಳಿಸಿ. ಹೆಸರಿಲ್ಲದೆ ಬಾಳಿ ಹೋದ ಯಾರೋ ಒಬ್ಬರು ಸಾವಿರಾರು ವರ್ಷಗಳಿಂದ ತಮ್ಮ ಸರದಿಗಾಗಿ ಅಲ್ಲಿ ಕಾಯುತ್ತಿರಬಹುದು.